ಕಿವಿ ಪರೀಕ್ಷೆಯ ಯಂತ್ರ ಕೊಳ್ಳುವ ಮುನ್ನ: ಗಿರಣಿ, ಕಾರ್ಖಾನೆ ಮಾಲೀಕರಿಗೊಂದು ಬಹಿರಂಗ ಪತ್ರ

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡಿನ ಅಕ್ಕಿ ಗಿರಣಿ, ಜೀನ್ಸ್ ಘಟಕ, ಮೆದುಕಬ್ಬಿಣ ಕಾರ್ಖಾನೆಗಳ ಮಾಲೀಕರಿಗೆ ಹಾಗೂ ಮ್ಯಾನೇಜರುಗಳಿಗೆ,

ಮಾನ್ಯರೆ,

ಕಾರ್ಮಿಕರ ಕಿವಿ ಪರೀಕ್ಷೆಗೆಂದು ತಾನೇ ತಾನಾಗಿ ನಡೆಯುವ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಒಂದು ಟ್ಯಾಬ್ಲೆಟ್ಟು, ಒಂದು ಹೆಡ್‌ಫೋನು, ಕೈಗೊಂದು ಗುಂಡಿ, ಅಷ್ಟೆ. ಮನುಷ್ಯನನ್ನು ಕೂರಿಸಿ ಶುರು ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ಎರಡೂ ಕಿವಿಯ ವರದಿ ಕೈಗೆ ಬರುತ್ತದೆ. ತಜ್ಞರೇ ಬೇಡ, ಸದ್ದಿಲ್ಲದ ಕೋಣೆಯೂ ಬೇಡ, ಒಂದೇ ದಿನದಲ್ಲಿ ಇಡೀ ಪಾಳಿಯನ್ನು ಮುಗಿಸಬಹುದು ಎನ್ನುತ್ತಾರೆ ಮಾರುವವರು. ಇದನ್ನು ನಂಬಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯುವುದು ಮೇಲೆನಿಸಿತು. ನಾನು ಬಳ್ಳಾರಿಯಲ್ಲಿ ಕಿವಿ ಪರೀಕ್ಷೆ ಮಾಡುವವನು, ಆಡಿಯಾಲಜಿಸ್ಟ್. ನನ್ನ ಹತ್ತಿರ ಮಾರಾಟಕ್ಕೆ ಯಾವ ಯಂತ್ರವೂ ಇಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಯಂತ್ರವನ್ನು ನಂಬಬಹುದು. ಅದು ಲೆಕ್ಕ ತಪ್ಪುವುದು ಕಡಿಮೆ. ಅದನ್ನು ಇಟ್ಟ ಜಾಗ, ಕಾರ್ಮಿಕನನ್ನು ಕೂರಿಸಿದ ಹೊತ್ತು, ಅವನಿಗೆ ಹೇಳಿದ ಮಾತು ಇವುಗಳಿಂದಲೇ ಫಲಿತಾಂಶ ಕೆಡುವುದು ಹೆಚ್ಚು. ಇವೆಲ್ಲ ಸರಿಯಿದ್ದರೂ, ಈ ವರ್ಷದ ವರದಿಯನ್ನು ಹಿಂದಿನ ವರ್ಷದ ವರದಿಯ ಪಕ್ಕದಲ್ಲಿಟ್ಟು ನೋಡದೆ ಫೈಲಿಗೆ ಸೇರಿಸಿದರೆ ಪರೀಕ್ಷೆಗೆ ಹಾಕಿದ ದುಡ್ಡು ದಂಡ.

ಮೊದಲು ಪರೀಕ್ಷೆ ಯಾಕೆ ಬೇಕು ಎಂಬುದನ್ನು ನೋಡೋಣ. ಗಿರಣಿಯ ಶೆಲ್ಲರ್, ಪಾಲಿಶರ್, ಬ್ಲೋವರ್‌ಗಳ ನಡುವೆ, ಮೆದುಕಬ್ಬಿಣ ಕಾರ್ಖಾನೆಯ ಕ್ರಷರ್, ಫ್ಯಾನ್‌ಗಳ ಪಕ್ಕದಲ್ಲಿ, ಜನರೇಟರ್ ಕೋಣೆಯಲ್ಲಿ ದಿನವಿಡೀ ನಿಂತವನ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಂದೊಂದಾಗಿ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ರಜೆ ಹಾಕುವಂಥ ಕಾಯಿಲೆಯೂ ಅಲ್ಲ. ಮೊದಲು ಪೆಟ್ಟು ಬೀಳುವುದು 3000ದಿಂದ 6000 ಹರ್ಟ್ಜ್‌ವರೆಗಿನ ಏರುಸ್ವರಗಳಿಗೆ, ಅದರಲ್ಲೂ 4000ದ ಆಸುಪಾಸಿನಲ್ಲಿ. ಮಾತಿನ ಮುಖ್ಯ ಭಾಗ ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಇರುವುದರಿಂದ ಕಾರ್ಮಿಕನಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸ, ಶ, ಚ ಮುಂತಾದ ಅಕ್ಷರಗಳು ಜಾರಲು ಶುರುವಾಗುತ್ತವೆ. 'ಕೇಳಿಸ್ತದ, ಆದ್ರ ಏನಂದ್ರು ತಿಳಿಯೋದಿಲ್ಲ' ಎಂದು ಬಂದು ಕೂರುವ ಹೊತ್ತಿಗೆ ನಾವು ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಯಂತ್ರದಲ್ಲಾಗಲಿ, ಕೈಯಲ್ಲಾಗಲಿ, ಮಾಡುವ ಪರೀಕ್ಷೆಯ ಉದ್ದೇಶ ಒಂದೇ: ಕಿವಿ ಕೆಪ್ಪಾಗುವುದಕ್ಕೆ ವರ್ಷಗಳ ಮುಂಚೆ, ಅವನಿಗೇ ಗೊತ್ತಾಗದ ಕುಸಿತವನ್ನು ಹಿಡಿಯುವುದು.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಎಂಟು ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ. 95ಕ್ಕೆ ಏರಿದರೆ ನಾಲ್ಕು ಗಂಟೆ, 100ಕ್ಕೆ ಏರಿದರೆ ಎರಡು ಗಂಟೆ ಮಾತ್ರ. 115ರ ಮೇಲೆ ಒಂದು ಕ್ಷಣವೂ ಇಲ್ಲ. ಮಿತಿ ಮೀರಿದ ಕಡೆ ಕೆಲಸ ಮಾಡುವವನಿಗೆ ಸೇರಿದ 14 ದಿನದೊಳಗೆ ಒಮ್ಮೆ, ಆಮೇಲೆ 12 ತಿಂಗಳಿಗೊಮ್ಮೆಯಾದರೂ ಕಿವಿ ಪರೀಕ್ಷೆ ಆಗಬೇಕೆಂದು ಮಾದರಿ ಕಾರ್ಖಾನೆ ನಿಯಮಗಳು ಹೇಳುತ್ತವೆ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿತ್ತು. ಈಗ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯ ಮೂರನೇ ಅನುಸೂಚಿಯಲ್ಲೂ ಇದೆ. ಅಂದರೆ ಅದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಕರೆಂಟಿನ ಯಂತ್ರ ಇರುವಲ್ಲಿ 10 ಜನ ಇದ್ದರೆ ಕಾರ್ಖಾನೆ ಎನ್ನುತ್ತಿತ್ತು ಹಳೆಯ ಕಾಯ್ದೆ. ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ನಮ್ಮ ಸಣ್ಣ ಗಿರಣಿಗಳು, ಮನೆ ಮಗ್ಗುಲಿನ ಹೊಲಿಗೆ ಘಟಕಗಳು ಆ ಲೆಕ್ಕದಿಂದ ಹೊರಗುಳಿಯಬಹುದು. ಅಲ್ಲಿ ದುಡಿಯುವವರ ಕಿವಿ ಹೊರಗುಳಿಯುವುದಿಲ್ಲ.

ಹಾಗೆಂದು ಎಲ್ಲರನ್ನೂ ಪರೀಕ್ಷೆಗೆ ಕೂರಿಸಬೇಕಿಲ್ಲ. ಮೊದಲು ಸದ್ದು ಅಳೆಸಿ. ಜೀನ್ಸ್ ಹೊಲಿಯುವ ಹಾಲ್‌ನ ಸದ್ದು ಮಿತಿಯೊಳಗೆ ಇರಬಹುದು, ಅದೇ ಘಟಕದ ವಾಷಿಂಗ್ ವಿಭಾಗದ್ದೋ ಕಂಪ್ರೆಸರ್ ಕೋಣೆಯದ್ದೋ ಮೀರಿರಬಹುದು. ಅಳೆಯದೆ ಯಾರಿಗೂ ಗೊತ್ತಾಗುವುದಿಲ್ಲ. ಯಾರನ್ನು ಪರೀಕ್ಷಿಸಬೇಕು ಎಂಬ ಪಟ್ಟಿ ಆ ಅಳತೆಯಿಂದ ಹುಟ್ಟಬೇಕು.

ಇನ್ನು ಯಂತ್ರದ ವಿಷಯ. ತಾನಾಗಿ ನಡೆಯುವ ಪರೀಕ್ಷೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೇಳುವವನೇ ಗುಂಡಿ ಒತ್ತಿ ಬಿಟ್ಟು ತನ್ನ ಕಿವಿಯ ಗೆರೆಯನ್ನು ತಾನೇ ಬರೆಸುವ ಉಪಕರಣವನ್ನು ಗೇಯಾರ್ಗ್ ಫಾನ್ ಬೇಕೇಶಿ 1947ರಲ್ಲಿ ಪ್ರಕಟಿಸಿದರು. ಒಳಗಿವಿ ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಇಂದಿನ ಯಂತ್ರಗಳಲ್ಲಿ ಹೆಚ್ಚಿನವು ನಾವು ಕೈಯಲ್ಲಿ ಮಾಡುವ ಕ್ರಮವನ್ನೇ ಅನುಸರಿಸುತ್ತವೆ. 1000 ಹರ್ಟ್ಜ್‌ನ ಒಂದು ಸ್ವರವನ್ನು ಸ್ಪಷ್ಟವಾಗಿ ಕೇಳಿಸುವ ಮಟ್ಟದಲ್ಲಿ ಕೊಡುತ್ತವೆ. ಕಾರ್ಮಿಕ ಗುಂಡಿ ಒತ್ತಿದರೆ 10 ಡೆಸಿಬಲ್ ಇಳಿಸುತ್ತವೆ, ಒತ್ತದಿದ್ದರೆ 5 ಏರಿಸುತ್ತವೆ. ಏರುವ ದಾರಿಯಲ್ಲಿ ಅರ್ಧದಷ್ಟು ಸಲವಾದರೂ ಕೇಳಿಸಿದ ಅತಿ ಕಡಿಮೆ ಮಟ್ಟವೇ ಆ ಸ್ವರಕ್ಕೆ ಅವನ ಕಿವಿಯ ಹೊಸ್ತಿಲು. 2013ರಲ್ಲಿ 'ಇಯರ್ ಅಂಡ್ ಹಿಯರಿಂಗ್' ಪತ್ರಿಕೆಯಲ್ಲಿ ಬಂದ ಒಂದು ಪರಾಮರ್ಶೆ ಹಿಂದಿನ ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಹೆಡ್‌ಫೋನಿನ ಮೂಲಕ ಮಾಡುವ ಇಂಥ ಸ್ವಯಂಚಾಲಿತ ಪರೀಕ್ಷೆ ತಜ್ಞರ ಕೈ ಪರೀಕ್ಷೆಗೆ ಹತ್ತಿರ ಹತ್ತಿರವೇ ನಿಲ್ಲುತ್ತದೆ ಎಂಬುದು ಅದರ ತೀರ್ಮಾನ. ಮಕ್ಕಳಲ್ಲಿ, ಪರೀಕ್ಷೆಗೆ ಸುಲಭವಾಗಿ ಒಗ್ಗದವರಲ್ಲಿ, ಮೂಳೆಯ ಮೂಲಕ ಕೇಳಿಸುವ ಪರೀಕ್ಷೆಯಲ್ಲಿ ಪುರಾವೆ ಸಾಲದು ಎಂದೂ ಅದು ಹೇಳಿತು.

ಆದ್ದರಿಂದ ಯಂತ್ರವೆಂದರೆ ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ನಮ್ಮ ಕಡೆ ಆಡಿಯಾಲಜಿಸ್ಟರು ಕಡಿಮೆ, ಕಾರ್ಮಿಕರು ಸಾವಿರಾರು. ಯಂತ್ರ ಬೇಕು. ಆದರೆ ಕೊಳ್ಳುವ ಮುಂಚೆ ಅದನ್ನು ಪರೀಕ್ಷೆ ಮಾಡಬೇಕಾದವರು ನೀವು.

ಒಂದು ಗಿರಣಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಪರೀಕ್ಷೆಗೆ ಕೊಟ್ಟ ಜಾಗ ಆಫೀಸಿನ ಕೋಣೆ. ಗೋಡೆಯಾಚೆ ಎಲಿವೇಟರ್ ಓಡುತ್ತಿತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಲೆಕ್ಕ ಬರೆಯುವ ಹುಡುಗ, ಗಿರಣಿಯೊಳಗೆ ನಿಂತು ಕೆಲಸ ಮಾಡಿದವನೇ ಅಲ್ಲ, ಮೊದಲು ಕೂತ. ವರದಿಯಲ್ಲಿ 500 ಹರ್ಟ್ಜ್‌ಗೆ 35 ಡೆಸಿಬಲ್, 1000ಕ್ಕೆ 30, 4000ಕ್ಕೆ 10. ಸಂಖ್ಯೆ ನೋಡಿದರೆ ಅವನಿಗೆ ಇಳಿಸ್ವರಗಳು ಮಂದ, ಏರುಸ್ವರಗಳು ಚೆನ್ನ. ಗಿರಣಿಯ ಸದ್ದು ಮಾಡುವ ಗಾಯ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಎಲಿವೇಟರ್ ನಿಲ್ಲಿಸಿ, ಫ್ಯಾನ್ ಆರಿಸಿ ಮತ್ತೆ ಕೂರಿಸಿದಾಗ 500ರದ್ದು 15ಕ್ಕೆ ಇಳಿಯಿತು. ಮೊದಲ ಸಲ ಯಂತ್ರ ಅಳೆದದ್ದು ಹುಡುಗನ ಕಿವಿಯನ್ನಲ್ಲ, ಕೋಣೆಯ ಗದ್ದಲವನ್ನು. ಬ್ಲೋವರ್, ಫ್ಯಾನ್, ಜನರೇಟರ್‌ಗಳ ಗುಂಯ್ ಎನ್ನುವ ತಗ್ಗಿನ ಸದ್ದು ಹೆಡ್‌ಫೋನಿನ ಮೆತ್ತೆಯನ್ನು ದಾಟಿ ಒಳಗೆ ನುಗ್ಗುತ್ತದೆ, ಪರೀಕ್ಷೆಯ ಮೆಲುಸ್ವರವನ್ನು ನುಂಗುತ್ತದೆ. ಆ ಮೊದಲ ವರದಿಯೇ, ಮುಂದಿನವನ್ನೆಲ್ಲ ಹೋಲಿಸಿ ನೋಡುವ ಮೂಲ ದಾಖಲೆ, ಅಂದರೆ ಅವನ ಬೇಸ್‌ಲೈನ್ ಆಗಿ ಫೈಲಿಗೆ ಹೋಗಿದ್ದರೆ, ಮುಂದೆ ಅವನ ಕಿವಿ ನಿಜವಾಗಿ ಕುಸಿದರೂ ಆ ಫೈಲು 'ಮೊದಲೇ ಹೀಗಿತ್ತು' ಎನ್ನುತ್ತಿತ್ತು.

ಹಾಗಾಗಿ ಮೊದಲ ಪ್ರಶ್ನೆ ಇದು: ನಿಮ್ಮ ಯಂತ್ರ ಕೋಣೆಯ ಸದ್ದನ್ನು ತಾನೇ ಅಳೆಯುತ್ತದೆಯೇ? ಅಳೆದು, ಜಾಸ್ತಿಯಾದಾಗ ಪರೀಕ್ಷೆ ನಿಲ್ಲಿಸುತ್ತದೆಯೇ, ಸುಮ್ಮನೆ ಒಂದು ಕೆಂಪು ದೀಪ ತೋರಿಸಿ ಮುಂದುವರಿಯುತ್ತದೆಯೇ? ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಷಾದ ನಿಯಮ 500 ಮತ್ತು 1000 ಹರ್ಟ್ಜ್ ಪಟ್ಟಿಗಳಲ್ಲಿ 40 ಡೆಸಿಬಲ್‌ವರೆಗೆ ಕೋಣೆಯ ಸದ್ದು ಇರಲು ಬಿಡುತ್ತದೆ. ಅದು ತೀರ ಸಡಿಲ ಎನ್ನುವ ತಜ್ಞರೇ ಹೆಚ್ಚು. ಅಲ್ಲಿನದೇ ರಾಷ್ಟ್ರೀಯ ಮಾನದಂಡ 500 ಹರ್ಟ್ಜ್‌ಗೆ 20ರ ಆಸುಪಾಸಿನ ಮಿತಿ ಹಾಕುತ್ತದೆ. ಕಿವಿಯೊಳಗೆ ಕೂರುವ ಇಯರ್‌ಫೋನು ಮತ್ತು ಅದರ ಮೇಲೆ ಇಡೀ ಕಿವಿ ಮುಚ್ಚುವ ಮೆತ್ತೆ ಎರಡೂ ಇರುವ ಮಾದರಿಗಳು ಸದ್ದು ತಡೆಯುವ ಪೆಟ್ಟಿಗೆಯಂಥ ಕೋಣೆ, ಅಂದರೆ ಬೂತ್ ಇಲ್ಲದ ಕಡೆ ಎಷ್ಟೋ ವಾಸಿ. ದಕ್ಷಿಣ ಆಫ್ರಿಕಾದ 'ಕುಡುವೇವ್' ಅಂಥದ್ದು. 'ಸದ್ದಿಲ್ಲದ ಕೋಣೆ ಬೇಡ' ಎಂಬ ಮಾತನ್ನು ಮಾತ್ರ ಯಾವ ಮಾದರಿಯ ಬಗ್ಗೆಯೂ ನಂಬಬೇಡಿ. ಬೂತ್ ಕಟ್ಟಿಸುವವರು ಇನ್ನೊಂದು ನೆನಪಿಡಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂತವನು ಸ್ವರ ಕೇಳುವುದಿಲ್ಲ, ಹೊರಗೆ ಬಿಡುವುದು ಯಾವಾಗ ಎಂದು ಕಾಯುತ್ತಾನೆ. ಪರೀಕ್ಷೆಯನ್ನು ಬೆಳಗಿನ ತಂಪು ಹೊತ್ತಿಗೆ ಇಟ್ಟುಕೊಳ್ಳಿ.

ಎರಡನೆಯದು, ಹೊತ್ತು. ಪಾಳಿ ಮುಗಿಸಿ ನೇರ ಬಂದವನ ಕಿವಿ ಸದ್ದಿಗೆ ದಣಿದಿರುತ್ತದೆ. ಒಂದು ರಾತ್ರಿ ಕಳೆದರೆ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಮೊದಲ ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಕೆಲಸದ ಸದ್ದಿನಿಂದ ದೂರವಿರಬೇಕು ಎಂಬುದು ಬಳಕೆಯಲ್ಲಿರುವ ನಿಯಮ. ತುಂಗಭದ್ರಾ ಕಾಲುವೆ ನೀರಿನ ಎರಡು ಬೆಳೆಗಳ ನಡುವೆ ಸಿರುಗುಪ್ಪ, ಕುರುಗೋಡು ಕಡೆಯ ಗಿರಣಿಗಳಿಗೆ ಕೆಲಸ ಇಳಿಯುವ ದಿನಗಳಿರುತ್ತವೆ. ಬೇಸ್‌ಲೈನ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಗಿರಣಿಯೂ ತೆಪ್ಪಗಿರುತ್ತದೆ, ಕಿವಿಗೂ ವಿಶ್ರಾಂತಿ ಸಿಕ್ಕಿರುತ್ತದೆ. ಉಳಿದ ಕಾರ್ಖಾನೆಗಳು ವಾರದ ರಜೆಯ ಮರುದಿನ ಬೆಳಿಗ್ಗೆ, ಪಾಳಿ ಹತ್ತುವ ಮೊದಲು ಮಾಡಿಸಲಿ.

ಮೂರನೆಯದು, ಹೇಳುವ ಮಾತು. ಯಂತ್ರದೊಳಗಿನ ಸೂಚನೆ ಯಾವ ಭಾಷೆಯಲ್ಲಿದೆ? ನಮ್ಮಲ್ಲಿ ಕನ್ನಡದವರಿದ್ದಾರೆ, ತೆಲುಗಿನವರಿದ್ದಾರೆ, ಬಿಹಾರ, ಒಡಿಶಾದಿಂದ ಬಂದವರಿದ್ದಾರೆ. 'ಸದ್ದು ಎಷ್ಟೇ ಸಣ್ಣಗಿರಲಿ, ಇದೆಯೋ ಇಲ್ಲವೋ ಅನ್ನಿಸಿದರೂ ಒತ್ತು' ಎಂಬ ಮಾತು ತಲೆಗೆ ಹೋಗದಿದ್ದರೆ ಜನ ಜೋರಾಗಿ ಕೇಳಿಸಿದಾಗ ಮಾತ್ರ ಒತ್ತುತ್ತಾರೆ. ಆಗ ಒಳ್ಳೆಯ ಕಿವಿಯೂ ಮಂದ ಕಿವಿಯಾಗಿ ದಾಖಲಾಗುತ್ತದೆ. ಸೂಚನೆಯನ್ನು ನಿಮ್ಮ ಜನರ ಭಾಷೆಯಲ್ಲಿ, ನಿಮ್ಮವರ ದನಿಯಲ್ಲೇ ತುಂಬಿಸಿಕೊಳ್ಳಲು ಯಂತ್ರದಲ್ಲಿ ಅವಕಾಶವಿರಬೇಕು. ಇಲ್ಲದಿದ್ದರೆ ತಿಳಿದವನೊಬ್ಬ ಪಕ್ಕದಲ್ಲಿ ನಿಂತು ಹೇಳಬೇಕು. ಹೆಂಗಸರು ಝುಮುಕಿ, ಓಲೆ ತೆಗೆದಿಡಬೇಕು, ಗಂಡಸರು ರುಮಾಲು ಬಿಚ್ಚಬೇಕು, ಕನ್ನಡಕ ಪಕ್ಕಕ್ಕಿಡಬೇಕು. ಕೆಂಪು ಗುರುತಿನ ಕಡೆ ಬಲಗಿವಿಗೆ, ನೀಲಿ ಎಡಗಿವಿಗೆ. ಇದನ್ನು ತಿರುವುಮುರುವು ಹಾಕಿದರೆ ಯಂತ್ರಕ್ಕೆ ತಿಳಿಯುವುದಿಲ್ಲ.

ಕೆಲವರು ಸ್ವರ ಬರುವ ತಾಳ ಹಿಡಿದು ಕೇಳಿಸದೆಯೂ ಒತ್ತುತ್ತಾರೆ. ಒಳ್ಳೆಯ ಯಂತ್ರ ಸ್ವರಗಳ ನಡುವಿನ ಬಿಡುವನ್ನು ಏರುಪೇರು ಮಾಡುತ್ತದೆ. ನಡುನಡುವೆ ಸ್ವರವನ್ನೇ ಕೊಡದೆ ಕಾದು ನೋಡುತ್ತದೆ, ಆಗಲೂ ಒತ್ತಿದರೆ ಗುರುತಿಟ್ಟುಕೊಳ್ಳುತ್ತದೆ. ಕೊನೆಯಲ್ಲಿ 1000 ಹರ್ಟ್ಜ್ ಅನ್ನು ಇನ್ನೊಮ್ಮೆ ಪರೀಕ್ಷಿಸಿ, ಮೊದಲಿನದಕ್ಕೂ ಇದಕ್ಕೂ 5 ಡೆಸಿಬಲ್‌ಗಿಂತ ಹೆಚ್ಚು ಅಂತರ ಬಂದರೆ ಎಚ್ಚರಿಸುತ್ತದೆ. ಈ ಗುರುತುಗಳು ವರದಿಯ ಹಾಳೆಯ ಮೇಲೇ ಅಚ್ಚಾಗುತ್ತವೆಯೇ ನೋಡಿ. ಕಿವಿಯಲ್ಲಿ ಸದಾ ಗುಂಯ್‌ಗುಡುವವರಿಗೆ ಒಂದೇ ಸಮನೆ ಬರುವ ಸ್ವರ ತಮ್ಮ ಕಿವಿಯದೋ ಯಂತ್ರದ್ದೋ ತಿಳಿಯದು. ಬಿಟ್ಟು ಬಿಟ್ಟು ಮಿಡಿಯುವ ಸ್ವರ ಕೊಡುವ ಅವಕಾಶ ಇರುವ ಯಂತ್ರವನ್ನೇ ಆರಿಸಿ.

ನಾಲ್ಕನೆಯದು ಈ ಪತ್ರದಲ್ಲಿ ನಾನು ಹೆಚ್ಚು ಒತ್ತಿ ಹೇಳುವ ಮಾತು. ದುಡ್ಡು ಕೊಡುವ ಮುಂಚೆ ಯಂತ್ರವನ್ನು ಕೆಲವು ದಿನ ಎರವಲು ಕೇಳಿ. ನಿಮ್ಮ ಜನರಲ್ಲೇ ಇಪ್ಪತ್ತು ಮಂದಿಯನ್ನು ಆರಿಸಿ. ಆಫೀಸಿನ ಹುಡುಗರನ್ನೇ ಆರಿಸಿದರೆ ಪ್ರಯೋಜನವಿಲ್ಲ. ಐವತ್ತು ದಾಟಿದವರು, ಓದುಬರಹ ಬಾರದವರು, ಕಿವಿ ಮಂದವೆಂದು ಈಗಾಗಲೇ ಗೊತ್ತಿರುವವರು, ಕಿವಿಯಲ್ಲಿ ಗುಂಯ್ ಎನ್ನುವವರು ಅದರಲ್ಲಿರಲಿ. ಅವರನ್ನು ನಿಮ್ಮ ಜಾಗದಲ್ಲೇ ಯಂತ್ರದಲ್ಲಿ ಎರಡು ಸಲ ಪರೀಕ್ಷಿಸಿ. ಆಮೇಲೆ ಅದೇ ಜನರಿಗೆ ಸರಿಯಾದ ಬೂತ್‌ನಲ್ಲಿ ಆಡಿಯಾಲಜಿಸ್ಟ್ ಒಬ್ಬರಿಂದ ಕೈ ಪರೀಕ್ಷೆ ಮಾಡಿಸಿ. ಆ ಆಡಿಯಾಲಜಿಸ್ಟರಿಗೆ ಯಂತ್ರದ ಫಲಿತಾಂಶ ತೋರಿಸಬೇಡಿ. ಒಂದೊಂದು ಕಿವಿ, ಒಂದೊಂದು ಸ್ವರಕ್ಕೆ ಮೂರೂ ಸಂಖ್ಯೆಗಳನ್ನು ಪಕ್ಕಪಕ್ಕ ಬರೆದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹೆಚ್ಚಿನವು 5 ಡೆಸಿಬಲ್ ಒಳಗೆ ಕೂಡಿದರೆ ಯಂತ್ರ ಒಳ್ಳೆಯದು. 10 ದಾಟಿದವು ಹೆಚ್ಚಿದ್ದರೆ ಅಥವಾ ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಯಂತ್ರವನ್ನು ವಾಪಸು ಕಳಿಸಿ. ಅಷ್ಟು ದಿನ ಯಂತ್ರ ಬಿಟ್ಟುಹೋಗಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.

ಐದನೆಯದು, ಅಳತೆಯ ಸಾಚಾತನ. ಗಿರಣಿಯ ವೇಬ್ರಿಡ್ಜ್‌ಗೆ ಕಾಲಕಾಲಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಮುದ್ರೆ ಹಾಕಿಸುತ್ತೀರಿ. ಮುದ್ರೆಯಿಲ್ಲದ ತೂಕಕ್ಕೆ ಭತ್ತ ತಂದ ರೈತ ಒಪ್ಪುವುದಿಲ್ಲ. ಈ ಯಂತ್ರವೂ ಅಳತೆಯ ಉಪಕರಣವೇ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಆಗಲೇಬೇಕು. ಕ್ಯಾಲಿಬ್ರೇಷನ್ ಆಗುವುದು ಆ ಪೆಟ್ಟಿಗೆಗೂ ಆ ಹೆಡ್‌ಫೋನಿಗೂ ಜೋಡಿಯಾಗಿ. ವೈರ್ ಕಿತ್ತಿತೆಂದು ಬೇರೆ ಹೆಡ್‌ಫೋನ್ ಸಿಕ್ಕಿಸಿದ ದಿನವೇ ಹಳೆಯ ಪ್ರಮಾಣಪತ್ರ ಸತ್ತಿತು. ಮಾರುವವರು ಕ್ಯಾಲಿಬ್ರೇಷನ್ನನ್ನು ಎಲ್ಲಿ ಮಾಡಿಸುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಆ ದಿನಗಳಿಗೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದು ಬರವಣಿಗೆಯಲ್ಲಿರಲಿ. ಪರೀಕ್ಷೆಯ ದಿನ ಬೆಳಿಗ್ಗೆ ಕಿವಿ ಚೆನ್ನಾಗಿರುವ, ಹಿಂದಿನ ಫಲಿತಾಂಶ ಗೊತ್ತಿರುವ ನಿಮ್ಮ ಒಬ್ಬ ನೌಕರರನ್ನು ಮೊದಲು ಕೂರಿಸಿ. ಅವರ ಸಂಖ್ಯೆ 10 ಡೆಸಿಬಲ್ ಆಚೀಚೆ ಹೋದರೆ ಆ ದಿನ ಪರೀಕ್ಷೆ ಬೇಡ. ಭತ್ತದ ಧೂಳು, ತೌಡು ಹೆಡ್‌ಫೋನಿನ ಮೆತ್ತೆಯೊಳಗೆ ಕೂರುತ್ತವೆ. ಇದು ನಮ್ಮ ಊರಿನ ಯಂತ್ರಗಳ ಮಾಮೂಲು ರೋಗ.

ಆರನೆಯದು, ವರದಿಯಲ್ಲಿ ಏನಿರಬೇಕು ಎಂಬುದು. ಮಾದರಿ ನಿಯಮಗಳ ಪಟ್ಟಿಯಲ್ಲಿ 125ರಿಂದ 8000ದವರೆಗೆ ಏಳು ಸ್ವರಗಳಿವೆ. 3000 ಮತ್ತು 6000 ಅದರಲ್ಲಿಲ್ಲ. ಸದ್ದಿನ ಗಾಯ ಮೊದಲು ಕಾಣುವುದು ಆ ಭಾಗದಲ್ಲೇ. ಇವೆರಡೂ ಇಲ್ಲದ ಯಂತ್ರ ಕೊಳ್ಳಬೇಡಿ. 'ನಾರ್ಮಲ್' ಎಂದೋ 'ಪಾಸ್' ಎಂದೋ ಒಂದೇ ಪದ ಅಚ್ಚು ಹಾಕುವ ಯಂತ್ರವಂತೂ ಬೇಡವೇ ಬೇಡ. 5 ಡೆಸಿಬಲ್‌ನ ಕಿವಿ ಎರಡು ವರ್ಷದಲ್ಲಿ 20ಕ್ಕೆ ಕುಸಿದರೂ ಅದು 'ನಾರ್ಮಲ್' ಎಂದೇ ಹೇಳುತ್ತದೆ. ಬೇಕಾದದ್ದು ಸಂಖ್ಯೆ, ಮತ್ತು ಬೇಸ್‌ಲೈನ್‌ಗೆ ಹೋಲಿಕೆ. 2000, 3000, 4000 ಹರ್ಟ್ಜ್‌ಗಳ ಹೊಸ್ತಿಲಿನ ಸರಾಸರಿ ಯಾವುದೇ ಕಿವಿಯಲ್ಲಿ 10 ಡೆಸಿಬಲ್ ಏರಿದರೆ ಅಮೆರಿಕದ ನಿಯಮ ಅದನ್ನು ಎಚ್ಚರಿಕೆಯ ಗಂಟೆ ಎನ್ನುತ್ತದೆ. ನಿಮ್ಮ ಸಾಫ್ಟ್‌ವೇರ್ ಈ ಹೋಲಿಕೆಯನ್ನು ತಾನಾಗಿ ಮಾಡಬೇಕು. ದಾಖಲೆ ಪೂರ್ತಿ ನಿಮ್ಮ ಕೈಗೆ ಸಿಗಬೇಕು. ಚಂದಾ ಕಟ್ಟುವುದು ನಿಲ್ಲಿಸಿದ ದಿನ ಐದು ವರ್ಷದ ಬೇಸ್‌ಲೈನ್ ಮಾಯವಾಗುವ ವ್ಯವಸ್ಥೆಗೆ ಸಹಿ ಹಾಕಬೇಡಿ.

ಯಂತ್ರ ಮಾಡಲಾರದ ಕೆಲಸವೂ ಇದೆ. ಕಿವಿಯಲ್ಲಿ ಗುಗ್ಗೆ ತುಂಬಿದೆಯೋ, ಪರದೆ ತೂತಾಗಿ ಕಿವಿ ಸೋರುತ್ತಿದೆಯೋ, ಸದ್ದಿನಿಂದಲೇ ಮಂದವಾಗಿದೆಯೋ ಎಂದು ಹೆಡ್‌ಫೋನು ಹೇಳುವುದಿಲ್ಲ. ಯಾರಾದರೂ ತಿಳಿದವರು ಬೆಳಕು ಬಿಟ್ಟು ಕಿವಿಯೊಳಗೆ ನೋಡಬೇಕು. ಎರಡು ಕಿವಿಗಳ ನಡುವೆ ದೊಡ್ಡ ಅಂತರ ಕಂಡವರನ್ನು, ಕಿವಿ ಸೋರುವವರನ್ನು, ಎಚ್ಚರಿಕೆಯ ಗಂಟೆ ಹೊಡೆದವರನ್ನು ಇಎನ್‌ಟಿ ವೈದ್ಯರ ಹತ್ತಿರ ಕಳಿಸಬೇಕು. ನಾವೆಲ್ಲ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮೂರೂ ಊರಿಗೆ ಹತ್ತಿರವಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಪರೀಕ್ಷೆಗಳ ವಿಚಾರದಲ್ಲಿ ದೇಶವೇ ಅದರ ಕಡೆ ನೋಡುತ್ತದೆ, ನಾವೂ ಕೇಳಬಹುದು.

ಎರಡು ಕಡೆಯ ಹೆದರಿಕೆಯ ಬಗ್ಗೆಯೂ ಹೇಳಬೇಕು. ಕಿವಿ ಮಂದವೆಂದು ಗೊತ್ತಾದರೆ ಕೆಲಸ ಹೋಗುತ್ತದೆಂದು ಕಾರ್ಮಿಕ ಹೆದರುತ್ತಾನೆ. ಗೊತ್ತಾದರೆ ಪರಿಹಾರ ಕೊಡಬೇಕಾಗುತ್ತದೆಂದು ನೀವು ಹೆದರುತ್ತೀರಿ. ಸದ್ದಿನಿಂದಾದ ಶ್ರವಣದೋಷ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಇತ್ತು, ಇಎಸ್‌ಐ ಪಟ್ಟಿಯಲ್ಲೂ ಇತ್ತು. ಆ ಹೊಣೆ ಪರೀಕ್ಷೆ ಮಾಡಿಸದಿದ್ದರೆ ತಪ್ಪುವುದಿಲ್ಲ. ಬೇಸ್‌ಲೈನ್ ಇಲ್ಲದವನ ಕಿವಿ ಮೊದಲೇ ಹಾಳಾಗಿತ್ತೋ ನಿಮ್ಮಲ್ಲಿ ಹಾಳಾಯಿತೋ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2001ರ ಒಂದು ಸೂಚನೆಯ ನಂತರ ಕಾರ್ಮಿಕರ ಮೊದಲ ಪರೀಕ್ಷೆಯ ದಾಖಲೆ ಕಡ್ಡಾಯವಾಯಿತು, ಪರಿಹಾರದ ಲೆಕ್ಕ ಆ ದಾಖಲೆಯಿಂದ ಎಷ್ಟು ಕುಸಿದಿದೆ ಎಂಬುದರ ಮೇಲೆ ನಿಂತಿತು. ಅದರಿಂದ ಇಬ್ಬರಿಗೂ ಅನುಕೂಲ. ಪರೀಕ್ಷೆಯ ಫಲಿತಾಂಶ ನೋಡಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ, ಆಮೇಲೆ ಯಂತ್ರ ಹೊರತೆಗೆಯಿರಿ. ಒಂದು ಪ್ರತಿಯನ್ನು ಕಾರ್ಮಿಕರ ಕೈಗೇ ಕೊಡಿ. ಗುತ್ತಿಗೆಯವರು, ಹಮಾಲರು ಸುಗ್ಗಿಯಿಂದ ಸುಗ್ಗಿಗೆ ಗಿರಣಿ ಬದಲಾಯಿಸುತ್ತಾರೆ. ಅವರ ಬೇಸ್‌ಲೈನ್ ಅವರ ಜೊತೆ ಹೋಗಬೇಕು.

ಪರೀಕ್ಷೆಯಲ್ಲಿ ಕುಸಿತ ಕಂಡಾಗ ಇಯರ್‌ಪ್ಲಗ್ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ. ಪ್ಲಗ್ ಬೇಕು, ಸರಿಯಾಗಿ ಹಾಕುವುದನ್ನು ಕಲಿಸಲೂಬೇಕು. ಕಿವಿಗೆ ತುರುಕಿಕೊಳ್ಳುವ ಹತ್ತಿ ಸದ್ದು ತಡೆಯುವುದಿಲ್ಲ. ಆದರೆ ಒಂದೇ ಯಂತ್ರದ ಬಳಿ ನಿಲ್ಲುವ ಮೂವರಲ್ಲಿ ಕುಸಿತ ಕಂಡರೆ ರಿಪೇರಿಯಾಗಬೇಕಾದದ್ದು ಆ ಯಂತ್ರ. ಸವೆದ ಬೇರಿಂಗ್ ಬದಲಾಯಿಸಿ, ಬ್ಲೋವರ್‌ಗೆ ಗೂಡು ಕಟ್ಟಿಸಿ, ಜನರೇಟರ್‌ನ ಸೈಲೆನ್ಸರ್ ಸರಿಮಾಡಿಸಿ.

ಕೊನೆಗೆ ಒಂದು ಬೇಡಿಕೆ. ಪ್ರತಿ ಗಿರಣಿಯೂ ಒಂದೊಂದು ಯಂತ್ರ ಕೊಳ್ಳಬೇಕಿಲ್ಲ, ಸಣ್ಣವರಿಗೆ ಅದು ಆಗುವ ಮಾತೂ ಅಲ್ಲ. ಸಿರುಗುಪ್ಪದ ಗಿರಣಿಯವರು, ಕುರುಗೋಡಿನವರು, ಬಳ್ಳಾರಿಯ ಜೀನ್ಸ್ ಮತ್ತು ಕಬ್ಬಿಣದವರು ಬಳ್ಳಾರಿ ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯ ಮೂಲಕವೋ ನಿಮ್ಮ ನಿಮ್ಮ ಸಂಘಗಳ ಮೂಲಕವೋ ಒಟ್ಟಿಗೆ ಸೇರಿ. ಎರಡು ಒಳ್ಳೆಯ ಯಂತ್ರ, ಊರಿಂದ ಊರಿಗೆ ಹೋಗುವ ವ್ಯಾನಿನೊಳಗೆ ಒಂದು ಬೂತ್, ತರಬೇತಿ ಪಡೆದ ಇಬ್ಬರು, ವರದಿ ಓದಲು ಒಬ್ಬ ಆಡಿಯಾಲಜಿಸ್ಟ್, ಮೂರೂ ತಾಲ್ಲೂಕಿಗೆ ಒಂದೇ ದಾಖಲೆ. ಇಷ್ಟಾದರೆ ಸಾಕು. ಕೊಳ್ಳುವ ಮೊದಲು ಇಪ್ಪತ್ತು ಜನರ ಆ ಹೋಲಿಕೆ ಪರೀಕ್ಷೆ ಮಾಡುವುದಾದರೆ ಕೈ ಪರೀಕ್ಷೆಯ ಭಾಗವನ್ನು ನಾನು ಫೀಸಿಲ್ಲದೆ ಮಾಡಿಕೊಡುತ್ತೇನೆ. ಮುಂದಿನ ಸುಗ್ಗಿಯ ಭತ್ತ ಗಿರಣಿಗೆ ಬರುವುದರೊಳಗೆ ನಿಮ್ಮ ಸಂಘದ ಒಂದು ಸಭೆಯಲ್ಲಿ ಈ ವಿಷಯ ಇಡಿ, ತೀರ್ಮಾನ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಆಡಿಯಾಲಜಿಸ್ಟ್